ಬಿಟ್ಟಲ್ಲಿಂದ

ಮುನಿರಾಬಾದಿನ ತೂಬಿನಿಂದ ರಾಯಚೂರಿನತನಕ
ಎಡದಂಡೆ ಕಾಲುವೆ ಹಿಡಿದು ನಡೆಯೋದಂತ ಠರಾವು.
ಒಮ್ಮೆಲೇ ಅಲ್ಲ. ವಾರಕ್ಕೊಂದು ಬೇಸ್ತವಾರ.
ಸಿಂಧನೂರಿಂದ ನಸುಕಿನ ಬಸ್ಸು ಹತ್ತಿ
ಹೋದ ವಾರ ಬಿಟ್ಟ ಮೈಲುಕಲ್ಲು ಹುಡುಕಿ
ಅಲ್ಲಿಂದ ಮುಂದ.
ಇವರಿಗೆ ಆ ಕಲ್ಲೇ ಆಗಬೇಕು.
ನಾಕು ಹೆಜ್ಜಿ ಆಚೆ ಇಳಿದರೂ ಹಿಂದ ಹೋಗಿ ಮುಟ್ಟಿ ಬರ್ತಾರ:
"ಟಿಕೀಟಿಲ್ಲದ ದಾರಿ ಬ್ಯಾಡ ತಾಯಮ್ಮ."

ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದ ಆದೆಪ್ಪ ಡ್ರೈವರು,
ಜಿಲ್ಲೆಯ ತಗ್ಗು ತಿರುವು ಎಲ್ಲ ಕುಂತೇ ಕಲಿತವರು,
ಮೊದಲ ದಿನ ಎರಡು ಮೈಲಿಗೆ ಉಸ್ಸಂದರು.
ಈಗಲೂ ಇಳಿಜಾರಿನೊಳಗ ಎಡಗಾಲು ಕ್ಲಚ್ಚು ಹುಡುಕತದ,
ಎಮ್ಮಿ ಅಡ್ಡ ಬಂದರ ಬಲಗಾಲು ತಾನೇ ನೆಲ ಒತ್ತತದ.
ನನ್ನದು ಬೇರೆ ಕಾಲು.
ಹೆಗಲಿಗೆ ಲಸಿಕಿ ಡಬ್ಬಿ,
ಐಸು ಕರಗೋದರೊಳಗ ಮೂರು ಕ್ಯಾಂಪು ಮುಗಿಸಬೇಕು;
ಆ ಅವಸರ ಇನ್ನೂ ಮೊಣಕಾಲಿಂದ ಇಳಿದಿಲ್ಲ.
ನಾ ಮುಂದ, ಇವರು ಹಿಂದ.
ಹಿಂದಿನಿಂದ ಕೂಗು: "ಹೋಲ್ಡಾನ್!"
ನಿಂತು, ನೀರು ಕುಡಿಸಿ, ನಾನಂತೀನಿ: "ರೈಟ್, ರೈಟ್."

ಗಂಗಾವತಿ ಕಡೆ ಅಕ್ಕಿ ಗಿರಣಿಯ ಬಿಸಿ ತೌಡಿನ ವಾಸನಿ.
ಕಾರಟಗಿ ಹತ್ರ ನೀರಿನ್ಯಾಗ ತೇಲಿಬಂದ ಒಂಟಿ ಚಪ್ಪಲಿ
ಅರ್ಧ ಮೈಲು ನಮ್ಮ ಜೋಡಿ ಬಂದು
ತೂಬಿನ ಬಾಯಿಗೆ ತಿರುಗಿ ಯಾರದೋ ಗದ್ದಿಗೆ ಹೋತು.
"ಹರಕಿ ಏನ್ರೀ, ಯಾವ ದೇವರಿಗೆ?"
ಯಾವ ದೇವರಿಗೂ ಇಲ್ಲಪ.
"ಹಂಗಾರ ಶುಗರ್ ಇರಬೇಕು."
ಟ್ರ್ಯಾಕ್ಟರ್ ನಿಲ್ಲಿಸಿದ ಹುಡುಗ ನನ್ನ ನೋಡಿ ತೋಳು ಉಜ್ಜಿಕೊಂಡ,
ಒಂದನೇತ್ತೆಯಾಗ ಚುಚ್ಚಿದ ಸೂಜಿ ಇನ್ನೂ ನೋಯ್ತದಂತ.

ಕವಿತಾಳದ ಆಚೆ, ರಸ್ತೆ ಕಾಲುವೆ ದಾಟುವ ಸೇತುವೆ.

ಇಲ್ಲೇ ಒಂದು ಮಧ್ಯಾಹ್ನ ಕೈ ಮಾಡಿದ್ದೆ.
ಯುಗಾದಿ ಮುಂದಿನ ಬಿಸಿಲು.
ಬಂದದ್ದು ಇವರದೇ ಬಸ್ಸು.
ನಿಲ್ಲಲಿಲ್ಲ.
ಡಬ್ಬಿಯ ಐಸು ದಾರಿಯಾಗೇ ನೀರಾತು.
ಆ ರಾತ್ರಿ ನಾ ಕೇಳಲಿಲ್ಲ, ಇವರು ಹೇಳಲಿಲ್ಲ.
ಸಾರಿಗೆ ಉಪ್ಪು ಹಾಕಿದ್ದಿಲ್ಲ ನಾನು,
ಬೇಕಂತಲೇ.
ಇವರು ಸುಮ್ಮನ ಉಂಡು ಎದ್ದರು.

ಇಪ್ಪತ್ತಾರು ವರ್ಷದ ಮ್ಯಾಲ ಅದೇ ಕಟ್ಟಿಗೆ ಕುಂತು
ಕಟಕ ರೊಟ್ಟಿ ಮುರಿಯುವಾಗ ಇವರೇ ತೆಗೆದರು:
"ಎಕ್ಸ್‌ಪ್ರೆಸ್ಸು. ಫುಲ್ ಇತ್ತು. ಚೆಕಿಂಗಿನವರು ಹಿಂದಿನ ಸೀಟಿನ್ಯಾಗ.
ಕನ್ನಡಿಯೊಳಗ ನೋಡಿದೆ.
ಜಾಲಿಗಿಡ ಅಡ್ಡ ಬರೋತನಕ
ನೀ ಕೈ ಇಳಿಸಲೇ ಇಲ್ಲ."

ಇಳಿಸಿರಲಿಲ್ಲ ಅನ್ನೋದು ನನಗೇ ಗೊತ್ತಿದ್ದಿಲ್ಲ.

ಏನನ್ನಬೇಕು. ಶೇಂಗಾ ಹಿಂಡಿ ಕಾರ ಆಗಿತ್ತು.
ಸೇತುವೆ ಮ್ಯಾಲ ಬ್ರೇಕು ಕಿರ್ರಂತು, ಯಾರೋ ಹೊಸ ಹುಡುಗ,
ಕಿಟಕಿಯಿಂದ ತಲಿ ಹಾಕಿ: "ಆದೆಪ್ಪಣ್ಣಾ! ಹತ್ರಿ,
ಸಿರವಾರಕ್ಕ ಬಿಡ್ತೀನಿ, ಅಕ್ಕನ್ನೂ ಹತ್ತಸ್ರಿ!"
ಇವರು ನನ್ನ ನೋಡಿದರು. ನಾ ರೊಟ್ಟಿ ನೋಡಿದೆ.
"ಇನ್ನೂ ಎರಡು ಕಲ್ಲು ಅದಾವು, ನೀ ನಡಿ ತಮ್ಮ."

ಎದ್ದರ ಕುಂಟಿದರು. ಬಳ್ಳಾರಿ ಜಾಲಿ,
ಡಿಪೋದ ಹಳೇ ಬೂಟಿನ ಅಟ್ಟಿ ದಾಟಿ ಹಿಮ್ಮಡಕ್ಕ ಮುಟ್ಟಿತ್ತು.
ಕಾಲು ತೊಡಿ ಮ್ಯಾಲ ಇಟ್ಟುಕೊಂಡೆ,
ಚೀಲದೊಳಗಿನ ಸೂಜಿ ತೆಗೆದೆ.
ಮೆತ್ತಗ ಅದ ಈ ಕಾಲು, ನೆಲ ಕಂಡದ್ದು ಮೊನ್ನೆ ಮೊನ್ನೆ.
"ಇನ್ನ ಎಷ್ಟು ಮೈಲು ಉಳೀತು?"
ಲೆಕ್ಕ ಇಡೋರು ನೀವು.
"ಮರತೆ."
ಮರೆತಿಲ್ಲ, ನನಗ ಗೊತ್ತದ.
ಮುಳ್ಳು ಬಂತು.
ಅದು ಬಂದದ್ದು ನಾ ಹೇಳಲಿಲ್ಲ,
ಇನ್ನೊಂದಿಷ್ಟು ಹೊತ್ತು.